ಕೂಗದ ಗಂಟೆ

“ಗಂಟೆ ಹೊಡ್ಕೊಳ್ತಾ?”

“ಯಾವ ಗಂಟೆ ಅತ್ತಿಗೆ?”

“ಔಷಧಿ ಹರಿಸೋ ಪಂಪಿಂದು. ಐವತ್ತು ಅಂತ ಒತ್ತಿದ್ರೆ ಮಿತಿ ದಾಟಿದೆ ಅಂತ ಅದು ಬಡ್ಕೋಬೇಕಲ್ಲ. ಬಡ್ಕೊಳ್ತಾ?”

ನಾದಿನಿ ಲೋಟವನ್ನು ಮೇಜಿನ ಮೇಲಿಟ್ಟಳು. ಬೆಳಗಿನ ಏಳು ಗಂಟೆ. ಅಡುಗೆಮನೆಯ ಕಿಟಕಿಯಿಂದ ಬಂದ ಬಿಸಿಲು, ಹರಡಿಟ್ಟ ಕಾಗದಗಳ ಮೇಲೆ ಬಿದ್ದಿತ್ತು. ಹನ್ನೊಂದು ದಿನಗಳಿಂದ ಡಾಕ್ಟರು, ಮೇಟ್ರನ್, ಕಂಪನಿಯ ವಕೀಲರು ಎಲ್ಲರೂ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: ಐದರ ಪಕ್ಕ ಒಂದು ಸೊನ್ನೆ ಯಾಕೆ ಒತ್ತಿದೆ? ಗಂಟೆಯ ಮಾತನ್ನು ಯಾರೂ ಎತ್ತಿರಲಿಲ್ಲ.

“ಇಲ್ಲ,” ಎಂದಳು ನಿಧಾನವಾಗಿ. “ಹೊಡ್ಕೊಂಡಿದ್ರೆ ಇಡೀ ವಾರ್ಡು ಎದ್ದು ಕೂರ್ತಿತ್ತು.”

“ಅದನ್ನ ಬಂದ್ ಮಾಡೋಕಾಗುತ್ತಾ?”

“ಎಲ್ಲಿಂದ ಬಂದ್ ಮಾಡೋದು! ಅದರ ಬಾಯಿ ಮುಚ್ಸೋಕೆ ಡಾಕ್ಟರ ಬೆರಳೂ ಬೇಕು, ನನ್ನ ಬೆರಳೂ ಬೇಕು. ಇಬ್ರೂ ಒಟ್ಟಿಗೆ ಒತ್ಬೇಕು. ಒತ್ತಿದ್ರೆ ಅದೂ ದಾಖಲೆ ಆಗುತ್ತೆ.”

ದಾಖಲೆ ಮೇಜಿನ ಮೇಲೇ ಇತ್ತು. ನಾಲ್ಕೇ ಸಾಲು. ಹತ್ತು ಮೂವತ್ತೊಂದಕ್ಕೆ ವೇಗ ಐದು. ಮೂವತ್ತೈದಕ್ಕೆ ಐದು. ಮೂವತ್ತೊಂಬತ್ತಕ್ಕೆ ಐದು. ನಳಿಗೆಯಲ್ಲಿ ಗಾಳಿಗುಳ್ಳೆ ಬರುತ್ತಿದೆಯೆಂದು ನಾದಿನಿ ಅಂದು ಬೆಳಗ್ಗೆ ಪಂಪನ್ನು ಮತ್ತೆ ಮತ್ತೆ ನಿಲ್ಲಿಸಿ ಶುರು ಮಾಡಿದ್ದಳು. ನಾಲ್ಕನೆಯದು ಹತ್ತು ನಲವತ್ತೆರಡಕ್ಕೆ: ಐವತ್ತು. ಮುಂದೆ ಅವಳ ಹೆಸರು. ಮೂರನೇ ಹಾಸಿಗೆಯ ರೋಗಿ, ಗಡಿಯಾರ ರಿಪೇರಿ ಮಾಡುವವರಿಗೆ ಹೃದಯದ ಔಷಧಿ ಹತ್ತು ಪಟ್ಟು ಹರಿದು, ಅವರು ಸಾವಿನ ಬಾಗಿಲು ತಟ್ಟಿ ಬಂದಿದ್ದರು.

ಇವತ್ತು ಮಧ್ಯಾಹ್ನ ಮೂರಕ್ಕೆ ಕೊನೆಯ ವಿಚಾರಣೆ. ತಪ್ಪು ಅವಳದೆಂದು ತೀರ್ಮಾನವಾದರೆ ನರ್ಸ್ ನೋಂದಣಿ ರದ್ದು. ಹದಿನಾಲ್ಕು ವರ್ಷ ಹಾಕಿದ ಬಿಳಿ ಸಮವಸ್ತ್ರವನ್ನು ಮತ್ತೆಂದೂ ಹಾಕುವಂತಿಲ್ಲ.

“ಐವತ್ತು ಒತ್ತಿದ್ರೆ ಪಂಪು ಬಾಗಿಲಲ್ಲೇ ತಡೀಬೇಕಿತ್ತು,” ಎಂದಳು ಅತ್ತಿಗೆ, ತನಗೆ ತಾನೇ ಹೇಳಿಕೊಳ್ಳುವಂತೆ. “ತಡೀಲಿಲ್ಲ. ತಡೆದ ದಾಖಲೆ ಇಲ್ಲ, ಇಬ್ಬರು ಸೇರಿ ಬಿಡಿಸಿದ ದಾಖಲೆಯೂ ಇಲ್ಲ. ಅಂದ್ಮೇಲೆ ಬಾಗಿಲು ದಾಟಿದ್ದು ಐವತ್ತು ಅಲ್ವೇ ಅಲ್ಲ.”

“ಮತ್ತೆ ಈ ಐವತ್ತು ಎಲ್ಲಿಂದ ಬಂತು?”

“ಬಾಗಿಲ ಒಳಗಡೆ ಹುಟ್ಟಿದೆ.”

ಒಲೆಯ ಮುಂದಿದ್ದ ಹಿರಿಯಾಕೆ, ಒಬ್ಬಳಿಗೆ ಅಮ್ಮ, ಇನ್ನೊಬ್ಬಳಿಗೆ ಅತ್ತೆ, ತಿರುಗಿ ನಿಂತರು.

“ಇಷ್ಟು ಕೇಳೋಕೆ ಹನ್ನೊಂದು ದಿನ ಬೇಕಾಯ್ತೇನ್ರೇ ನಿಮಗೆ?”

“ಎಲ್ಲರೂ ಐವತ್ತನ್ನೇ ನೋಡ್ತಾ ಕೂತಿದ್ವಿ ಅತ್ತೆ.”

“ನಾನಾಗಿದ್ರೆ ಮೊದಲ ದಿನಾನೇ ಕೇಳ್ತಿದ್ದೆ.”

“ಹಾಗಾದ್ರೆ ಯಾಕಮ್ಮ ಕೇಳ್ಲಿಲ್ಲ?” ಎಂದಳು ಮಗಳು.

“ನನ್ನ ಮಾತು ಈ ಮನೇಲಿ ಯಾರು ಕೇಳ್ತಾರೆ?”

ಹನ್ನೊಂದು ದಿನದಲ್ಲಿ ಮೊದಲ ಸಲ ನಾದಿನಿ ನಕ್ಕಳು. ಸಣ್ಣ ನಗು. ಅದನ್ನು ನೋಡಿಯೇ ಅತ್ತಿಗೆ ಚಪ್ಪಲಿ ಹುಡುಕತೊಡಗಿದಳು.

*

ಆಫೀಸಿನಲ್ಲಿ ಅತ್ತಿಗೆಗೆ ಸೊಸೆ ಎಂದೇ ಹೆಸರು. ಅದಕ್ಕೊಂದು ಕಥೆಯಿದೆ.

ಆ ಪಂಪನ್ನು ತಯಾರಿಸುವ ಕಂಪನಿಯಲ್ಲಿ ಅವಳ ಕೆಲಸ ಕೋಡ್ ಓದುವುದು. ಅದರಲ್ಲೂ ಕರ್ನಲ್ ಕೋಡ್. ಯಂತ್ರದ ಗರ್ಭದಲ್ಲಿ ಕೂತು, ಮೋಟರಿಗೆ ‘ಇಷ್ಟು ತಿರುಗು’ ಎಂದು ಅಪ್ಪಣೆ ಕೊಡುವ ಭಾಗ ಅದು. ಅದು ನಂಬಿದ್ದನ್ನು ಮೋಟರೂ ನಂಬುತ್ತದೆ. ಆದ್ದರಿಂದ ಹೊರಗಿನಿಂದ ಬರುವ ಪ್ರತಿಯೊಂದು ಅಂಕಿಯನ್ನೂ ಅದು ಬಾಗಿಲಲ್ಲೇ ನಿಲ್ಲಿಸಿ ಪರೀಕ್ಷಿಸಬೇಕು. ಎಲ್ಲಾದರೂ ಪರೀಕ್ಷೆ ತಪ್ಪಿದೆಯೇ ಎಂದು ಹುಡುಕಲು ಕಂಪನಿಯವರು ಒಂದು ತಂತ್ರಾಂಶವನ್ನು ತಂದಿದ್ದರು. ಅದು ಕೋಡನ್ನು ಓಡಿಸುವುದಿಲ್ಲ. ಕೂತಲ್ಲೇ ಓದುತ್ತದೆ, ಓದಿ ಗೊಣಗುತ್ತದೆ. ವಾರಕ್ಕೆ ನಾಲ್ಕು ಸಾವಿರ ವಾರ್ನಿಂಗು. ಇಲ್ಲಿ ನೋಡು, ಅಲ್ಲಿ ನೋಡು, ಇದನ್ನು ಯಾಕೆ ಹೀಗಿಟ್ಟೆ, ಅದನ್ನು ಯಾಕೆ ಮುಚ್ಚಲಿಲ್ಲ. ಮೊದಲ ವಾರದಲ್ಲೇ ಯಾರೋ ಅದಕ್ಕೆ ‘ಅತ್ತೆ’ ಎಂದು ಹೆಸರಿಟ್ಟರು. ಅದರ ಗೊಣಗಾಟವನ್ನು ದಿನವೂ ಕೇಳಿ, ನಿಜ ಯಾವುದು ಸುಳ್ಳು ಯಾವುದು ಎಂದು ಆರಿಸುವವಳು ಇನ್ನೇನಾಗಬೇಕು? ಸೊಸೆ.

ಅವಳೂ ನಕ್ಕಿದ್ದಳು ಆಗ.

ಎಂಟೂಕಾಲಕ್ಕೆ ತನ್ನ ಜಾಗದಲ್ಲಿ ಕೂತಾಗ ಸೊಸೆಗೆ ನಗು ಬರಲಿಲ್ಲ. ಪಂಪಿನ ವೇಗದ ಅಂಕಿಯನ್ನು ಮುಟ್ಟುವ ಕೋಡು ಅರವತ್ತು ಸಾಲಿನದು. ಅದನ್ನು ಈ ಹನ್ನೊಂದು ದಿನಗಳಲ್ಲಿ ಇಪ್ಪತ್ತು ಸಲ ಓದಿದ್ದಳು. ಐವತ್ತನ್ನು ಒಳಗೆ ಬಿಡುವ ಬಿರುಕಿಗಾಗಿ ಹುಡುಕಿದ್ದಳು. ಬಿರುಕಿರಲಿಲ್ಲ. ಈ ಔಷಧಿಗೆ ಮಿತಿ ಹನ್ನೆರಡು. ಹನ್ನೆರಡಕ್ಕಿಂತ ಹೆಚ್ಚಾದರೆ ಗಂಟೆ ಹೊಡೆ, ಹಿಂದಕ್ಕೆ ಕಳಿಸು. ಸಾಲು ಸ್ವಚ್ಛವಾಗಿತ್ತು, ಕನ್ನಡಿಯ ಹಾಗೆ.

ಇವತ್ತು ಅವಳು ಬಾಗಿಲನ್ನು ನೋಡಲಿಲ್ಲ. ಬಾಗಿಲು ದಾಟಿದ ಐದು ಒಳಗೆ ಎಲ್ಲೆಲ್ಲಿ ಹೋಯಿತೆಂದು ಅದರ ಹಿಂದೆ ಹಿಂದೆ ನಡೆದಳು.

ಹನ್ನೊಂದನೇ ಸಾಲಿನಲ್ಲಿ ಕರ್ನಲ್ ಹೊರಗಿನ ಅಂಕಿಯನ್ನು ಓದುತ್ತದೆ. ಹನ್ನೆರಡನೇ ಸಾಲಿನಲ್ಲಿ ಪರೀಕ್ಷೆ. ಆಮೇಲೆ ಮೋಟರು ಸಿದ್ಧವಾಗಲೆಂದು ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಯುತ್ತದೆ. ಆಮೇಲೆ, ಇಪ್ಪತ್ತಾರನೇ ಸಾಲಿನಲ್ಲಿ...

ಅವಳ ಬೆರಳು ಪರದೆಯ ಮೇಲೆ ನಿಂತುಬಿಟ್ಟಿತು.

ಇಪ್ಪತ್ತಾರನೇ ಸಾಲಿನಲ್ಲಿ ಅದು ಅಂಕಿಯನ್ನು ಹೊರಗಿನಿಂದ ಮತ್ತೊಮ್ಮೆ ಓದುತ್ತಿತ್ತು.

ಪರೀಕ್ಷೆ ಮಾಡಿದ್ದು, ಪರದೆಯಲ್ಲಿ ತೋರಿಸಿದ್ದು ಮೊದಲ ಸಲ ಓದಿದ್ದನ್ನು. ಮೋಟರಿಗೆ ಕೊಟ್ಟದ್ದು, ದಾಖಲೆಯಲ್ಲಿ ಬರೆದದ್ದು ಎರಡನೇ ಸಲ ಓದಿದ್ದನ್ನು. ನಡುವೆ ಕಣ್ಣು ಮಿಟುಕಿಸುವಷ್ಟು ಸಮಯ. ಆ ಸಮಯದಲ್ಲಿ ಹೊರಗಿನ ಅಂಕಿಯನ್ನು ಯಾರಾದರೂ ಬದಲಿಸಿದರೆ?

ಬದಲಿಸಬಲ್ಲವರು ಇದ್ದರು. ವಾರ್ಡಿನ ಕೇಂದ್ರ ಕಂಪ್ಯೂಟರು ಡಾಕ್ಟರ ಆದೇಶಗಳನ್ನು ಪಂಪುಗಳಿಗೆ ಕಳಿಸುತ್ತದೆ, ನರ್ಸು ಒತ್ತಿದ ಅಂಕಿ ಕೂರುವ ಅದೇ ಜಾಗಕ್ಕೆ. ಅವಳು ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಿದಳು. “ಅವತ್ತು ಹತ್ತು ನಲವತ್ತೆರಡು, ಹದಿನೇಳನೇ ಸೆಕೆಂಡು. ಮೂರನೇ ಹಾಸಿಗೆಗೆ ಕೇಂದ್ರದಿಂದ ಏನಾದ್ರೂ ಹೋಗಿದೆಯಾ, ಒಂಚೂರು ನೋಡಿ ಹೇಳ್ತೀರಾ?”

ಹತ್ತು ನಿಮಿಷದಲ್ಲಿ ಒಂದು ಸಾಲಿನ ಉತ್ತರ ಬಂತು. ಹೋಗಿದೆ. ಐವತ್ತು. ಹಿಂದಿನ ದಿನ ಅದೇ ಪಂಪಿನಲ್ಲಿ ಹರಿಯುತ್ತಿದ್ದ ಗ್ಲೂಕೋಸಿನ ಹಳೆಯ ಆದೇಶ. ಗ್ಲೂಕೋಸಿಗೆ ಐವತ್ತು ಏನೂ ಅಲ್ಲ.

ಸೊಸೆ ಕುರ್ಚಿಗೆ ಒರಗಿದಳು. ಇನ್ನೊಂದೇ ಪ್ರಶ್ನೆ ಉಳಿದಿತ್ತು, ಅದನ್ನು ಹುಡುಕಲು ಅವಳಿಗೆ ಭಯವಾಯಿತು. ಎಲ್ಲದಕ್ಕೂ ಗೊಣಗುವ ಅತ್ತೆ ಇದನ್ನು ಹೇಗೆ ಬಿಟ್ಟಳು?

ಬಿಟ್ಟಿರಲಿಲ್ಲ. ವಾರ್ನಿಂಗ್ ಸಂಖ್ಯೆ 4117, ಎರಡು ವರ್ಷ ಹಳೆಯದು. ‘ಪರೀಕ್ಷಿಸಿದ ಅಂಕಿ ಮತ್ತು ಬಳಸಿದ ಅಂಕಿ ಒಂದೇ ಆಗಿರಲಿಕ್ಕಿಲ್ಲ.’ ಅದರ ಕೆಳಗೆ: ಮುಚ್ಚಲಾಗಿದೆ. ಕಾರಣ ಮೂರು.

ಅದೊಂದು ಪದ್ಧತಿ ಆ ಆಫೀಸಿನಲ್ಲಿ. ವಾರ್ನಿಂಗನ್ನು ಮುಚ್ಚಬೇಕಾದರೆ ಕಾರಣ ಬರೆಯಲೇಬೇಕು. ವಾರಕ್ಕೆ ನಾಲ್ಕು ಸಾವಿರ ಕಾರಣ ಯಾರು ಬರೆಯುತ್ತಾರೆ? ಏಳು ಸಿದ್ಧ ಕಾರಣಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದರು. ಕಾರಣ ಮೂರು: ‘ಪರೀಕ್ಷೆ ಮೇಲಿನ ಸಾಲಿನಲ್ಲೇ ಇದೆ.’ ಕಣ್ಣು ಮೇಲಕ್ಕೆತ್ತಿದರೆ ಪರೀಕ್ಷೆ ಕಾಣುತ್ತದೆ, ಮನಸ್ಸು ನಿರಾಳವಾಗುತ್ತದೆ, ಬೆರಳು ಮೂರನ್ನು ಒತ್ತುತ್ತದೆ. ಪರೀಕ್ಷೆ ಆದದ್ದು ಇದಕ್ಕೇ ಹೌದೇ ಎಂದು ಯಾರೂ ಕೇಳುವುದಿಲ್ಲ.

ಇದನ್ನು ಮುಚ್ಚಿದವಳು ಅವಳಲ್ಲ. ಸಹಿ ವಿಭಾಗದ ಮುಖ್ಯಸ್ಥರದು. ಆದರೆ ಅವಳೂ ನೂರಾರು ಸಲ ಮೂರನ್ನು ಒತ್ತಿದ್ದಳು. ಅದನ್ನು ಅವಳು ತನ್ನಿಂದ ಮುಚ್ಚಿಡಲಿಲ್ಲ. ಗೊಣಗುವ ದನಿಗೆ ಅತ್ತೆ ಎಂದು ಹೆಸರಿಟ್ಟ ದಿನವೇ ಅದನ್ನು ಕೇಳದಿರಲು ತಮಗೆಲ್ಲ ಅಪ್ಪಣೆ ಸಿಕ್ಕಿಬಿಟ್ಟಿತ್ತಲ್ಲ ಎಂದುಕೊಂಡಳು. ಮನೆಯ ಅತ್ತೆ ಬೆಳಗ್ಗೆ ಹೇಳಿದ ಮಾತು ನೆನಪಾಗಿ ಕೆನ್ನೆ ಬಿಸಿಯಾಯಿತು.

ಆಮೇಲೆ ತೋಳು ಮಡಚಿ ಕೆಲಸಕ್ಕೆ ಕೂತಳು. ಮೂರು ಗಂಟೆಗೆ ಇನ್ನೂ ಆರು ಗಂಟೆ ಇತ್ತು.

*

ವಿಭಾಗದ ಮುಖ್ಯಸ್ಥರನ್ನು ಬೆನ್ನ ಹಿಂದೆ ಎಲ್ಲರೂ ‘ಇಸ್ತ್ರಿ’ ಎನ್ನುತ್ತಿದ್ದರು. ಅವರ ಅಂಗಿಯಲ್ಲಿ ಸಂಜೆ ಆರಕ್ಕೂ ಒಂದು ಸುಕ್ಕು ಕಾಣುತ್ತಿರಲಿಲ್ಲ. ವಿಚಾರಣೆಯ ಕೋಣೆಯಲ್ಲಿ ಕಂಪನಿಯ ಪರವಾಗಿ ಎದ್ದು ನಿಂತವರು ಅವರೇ.

ಆಸ್ಪತ್ರೆಯ ನಾಲ್ಕನೇ ಮಹಡಿ. ಉದ್ದ ಮೇಜು. ಅದರ ಒಂದು ತುದಿಯಲ್ಲಿ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು. ಅವರ ಪಕ್ಕದಲ್ಲಿ ತಾಂತ್ರಿಕ ಸದಸ್ಯೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ಅವರನ್ನು ಅಧ್ಯಕ್ಷರೂ ‘ಟೀಚರ್’ ಎಂದೇ ಕರೆಯುತ್ತಿದ್ದರು. ಗೋಡೆಯ ಬದಿಯ ಕುರ್ಚಿಯಲ್ಲಿ ನಾದಿನಿ, ಸಮವಸ್ತ್ರವಿಲ್ಲದೆ, ಯಾರದೋ ಮದುವೆಗೆ ತೆಗೆದ ಸೀರೆಯಲ್ಲಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದಳು. ಪಕ್ಕದಲ್ಲಿ ಅವಳ ಅಮ್ಮ. ಮೇಜಿನ ನಡುವೆ ಸೀಲು ಹಾಕಿದ ಚೀಲದಲ್ಲಿ ಮೂರನೇ ಹಾಸಿಗೆಯ ಪಂಪು.

“ಮೊದಲಿಗೆ ಒಂದು ಆಕ್ಷೇಪಣೆ ಸ್ವಾಮಿ,” ಎಂದರು ಇಸ್ತ್ರಿ. “ಸಾಕ್ಷಿ ಹೇಳೋಕೆ ಬಂದಿರೋ ಇವರು ಆರೋಪಿಯ ಸ್ವಂತ ಅತ್ತಿಗೆ.”

“ಹೌದು ಸಾರ್,” ಎಂದಳು ಸೊಸೆ. “ಅದನ್ನ ಮೊದಲ ದಿನಾನೇ ಬರೆದು ಕೊಟ್ಟಿದ್ದೀನಿ.”

“ಸಂಬಂಧ ಇವರಿಗಿದೆ,” ಅಧ್ಯಕ್ಷರು ಕನ್ನಡಕ ಏರಿಸಿಕೊಂಡರು. “ಪಂಪಿಗಿಲ್ವಲ್ಲ. ಹೇಳ್ಲಿ, ಕೇಳೋಣ.”

ಇಸ್ತ್ರಿ ಕೂರಲಿಲ್ಲ. “ದಾಖಲೆ ಸ್ಪಷ್ಟವಾಗಿದೆ ಸ್ವಾಮಿ. ಐವತ್ತು ಅಂತಿದೆ, ಹೆಸರೂ ಇದೆ. ದಣಿದ ಕೈ, ಒಂದು ಸೊನ್ನೆ ಜಾಸ್ತಿ ಬಿತ್ತು. ಮನುಷ್ಯರು, ಆಗುತ್ತೆ.”

“ಮಿತಿ ಎಷ್ಟು ಸಾರ್ ಆ ಔಷಧಿಗೆ?”

“ಹನ್ನೆರಡು.”

“ಐವತ್ತು ಒತ್ತಿದ್ರೆ ಏನಾಗ್ಬೇಕು?”

“ಗಂಟೆ ಹೊಡೀಬೇಕು. ಅಂಕಿ ತಗೋಬಾರ್ದು.”

“ಹೊಡೆದ ದಾಖಲೆ ಇದೆಯಾ?”

ಇಸ್ತ್ರಿ ಹಾಳೆಯನ್ನು ತಿರುಗಿಸಿದರು. ಮತ್ತೆ ತಿರುಗಿಸಿದರು. “ವಾರ್ಡಿನವರು ಮಿತಿಯನ್ನ ಬಿಡಿಸಿರ್ಬಹುದು.”

“ಅದಕ್ಕೆ ಇಬ್ಬರ ಬೆರಳು ಬೇಕು. ಆ ದಾಖಲೆ?”

“...ಇಲ್ಲ.”

“ಅಂದ್ರೆ ಐವತ್ತು ಬಂತು, ಯಾರೂ ತಡೀಲಿಲ್ಲ, ಯಾರೂ ಬಾಗಿಲು ತೆಗೀಲಿಲ್ಲ. ಗೋಡೆ ತೂರಿಕೊಂಡು ಬಂತಾ ಸಾರ್?”

ಗೋಡೆಯ ಬದಿಯಿಂದ ಹಿರಿಯಾಕೆಯ ಕೆಮ್ಮು ಕೇಳಿಸಿತು. ಕೆಮ್ಮಲ್ಲ ಅದು, ನಗು ನುಂಗಿದ್ದು.

ಸೊಸೆ ಒಂದು ಚೀಟಿಯನ್ನು ಅಧ್ಯಕ್ಷರ ಮುಂದಿಟ್ಟಳು. “ಇದನ್ನ ಓದ್ತೀರಾ?”

“ಐದು.”

“ಹನ್ನೆರಡಕ್ಕಿಂತ ಕಡಿಮೆ ಇದೆಯಾ?”

“ಇದೆ.”

“ಹಾಗಾದ್ರೆ ಪಾಸು. ಈಗ ಹಿಂದಿನ ಗಡಿಯಾರದಲ್ಲಿ ಟೈಮ್ ಎಷ್ಟಾಯ್ತು ಒಂಚೂರು ನೋಡಿ.”

ಅಧ್ಯಕ್ಷರು ಕತ್ತು ತಿರುಗಿಸಿದರು. “ಮೂರು ಇಪ್ಪತ್ತು.”

“ಪಾಸಾದ ಅಂಕಿಯನ್ನ ಈಗ ಮೋಟರಿಗೆ ಹೇಳಿ. ಚೀಟಿ ಅಲ್ಲೇ ಇದೆ.”

ಅವರು ಚೀಟಿಯನ್ನೆತ್ತಿ ಬಾಯಿ ತೆರೆದರು. ಚೀಟಿಯಲ್ಲಿ ಐವತ್ತು ಎಂದಿತ್ತು.

“ನೀವು ಅತ್ತ ತಿರುಗಿದಾಗ ನಾನು ಬದಲಾಯಿಸ್ದೆ,” ಎಂದಳು ಸೊಸೆ. “ನೀವು ಪರೀಕ್ಷೆ ಮಾಡಿದ್ದು ನಿಜ. ನೀವು ಹೇಳೋ ಅಂಕಿಯೂ ಚೀಟಿಯಲ್ಲಿ ಇರೋದೇ. ಆದ್ರೆ ಎರಡೂ ಬೇರೆ ಬೇರೆ. ಈ ಪಂಪಿನ ಕರ್ನಲ್ ಅದನ್ನೇ ಮಾಡುತ್ತೆ. ಒಂದು ಸಲ ನೋಡಿ ಪರೀಕ್ಷೆ, ಇನ್ನೊಂದು ಸಲ ನೋಡಿ ಕೆಲಸ. ಮೊದಲ ಸಲ ನೋಡಿದಾಗ್ಲೇ ತನ್ನ ಪುಸ್ತಕದಲ್ಲಿ ಬರ್ಕೊಂಡಿದ್ರೆ ಈ ಗೋಳೇ ಇರ್ತಿರ್ಲಿಲ್ಲ.”

ಟೀಚರ್ ಮುಂದಕ್ಕೆ ಬಾಗಿದರು. “ವಾದ ಚೆನ್ನಾಗಿದೆ. ತೋರಿಸಿ.”

“ಅದಕ್ಕೆ ಇದೇ ಪಂಪು ಬೇಕು ಟೀಚರ್. ಸೀಲು ಒಡೀಬೇಕು.”

“ಸ್ವಾಮಿ, ಇದು ಕಣ್ಕಟ್ಟು!” ಎಂದರು ಇಸ್ತ್ರಿ.

“ಕಣ್ಕಟ್ಟು ಅಂತ ಅನುಮಾನ ಇದ್ರೆ ಸಾರೇ ಒತ್ತಲಿ,” ಎಂದಳು ಸೊಸೆ. “ಅವರ ಹೆಸರಲ್ಲೇ ಲಾಗಿನ್ ಆಗಲಿ. ನಾನು ಪಂಪನ್ನ ಮುಟ್ಟೋದಿಲ್ಲ.”

ಟೀಚರ್ ಸೀಲನ್ನು ತಮ್ಮ ಕೈಯಾರೆ ಕತ್ತರಿಸಿದರು. ಪಂಪಿಗೆ ನೀರಿನ ಬಾಟಲಿ ಜೋಡಿಸಿದರು, ನಳಿಗೆಯ ಇನ್ನೊಂದು ತುದಿಯನ್ನು ಗಾಜಿನ ಜಗ್ಗಿಗೆ ಇಳಿಬಿಟ್ಟರು. ಕೇಂದ್ರ ಕಂಪ್ಯೂಟರಿನ ಜಾಗದಲ್ಲಿ ಸೊಸೆ ಆಫೀಸಿನಿಂದ ತಂದ ಒಂದು ಪುಟ್ಟ ಪೆಟ್ಟಿಗೆಯನ್ನಿಟ್ಟಳು.

“ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ನಿಜವಾದ ಕೇಂದ್ರ ಕಂಪ್ಯೂಟರು ಹಳೇ ಆದೇಶವನ್ನ ಐದು ನಿಮಿಷಕ್ಕೊಮ್ಮೆ ಕಳಿಸುತ್ತೆ. ಅದು ಸರಿಯಾಗಿ ಆ ಮಿಟುಕಿನಲ್ಲೇ ಬೀಳ್ಬೇಕು ಅಂದ್ರೆ ವರ್ಷಗಟ್ಟಲೆ ಕಾಯ್ಬೇಕು. ಅಷ್ಟು ಪುರುಸೊತ್ತು ನಮಗಿಲ್ಲ. ನನ್ನ ಲ್ಯಾಪ್‌ಟಾಪಲ್ಲಿರೋ ಪ್ರೋಗ್ರಾಮನ್ನೇ ಇದಕ್ಕೆ ಹಾಕಿದ್ದೀನಿ, ಸೆಕೆಂಡಿಗೆ ಏಳು ಸಲ ಕಳಿಸುತ್ತೆ.”

“ನೋಡಿ, ನೋಡಿ! ಕೃತಕ ಸನ್ನಿವೇಶ!”

“ಓಣಿ ಇದೆಯೋ ಇಲ್ವೋ ಅನ್ನೋದು ಪ್ರಶ್ನೆ,” ಎಂದರು ಟೀಚರ್. “ಅದರಲ್ಲಿ ದಿನಕ್ಕೆ ಎಷ್ಟು ಜನ ಓಡಾಡ್ತಾರೆ ಅನ್ನೋದು ಆಮೇಲೆ. ಒತ್ತಿ.”

ಇಸ್ತ್ರಿ ತೋಳಿನ ಮಡಿಕೆ ಸರಿಪಡಿಸಿಕೊಂಡು ಐದು ಒತ್ತಿದರು. ಶುರು. ಮೋಟರು ತಟಕ್ ತಟಕ್ ಎಂದು ಹನಿಸಿತು. ನಿಲ್ಲಿಸಿದರು. ಮತ್ತೆ ಐದು. ತಟಕ್ ತಟಕ್.

ಮೂರನೇ ಸಲ. ನಾಲ್ಕನೇ ಸಲ. ಕೋಣೆಯಲ್ಲಿ ಫ್ಯಾನಿನ ಸದ್ದು ದೊಡ್ಡದಾಗಿ ಕೇಳತೊಡಗಿತು. ಐದು, ಆರು. ಇಸ್ತ್ರಿಯ ತುಟಿಯಲ್ಲಿ ನಗು ಮೂಡಿತು.

“ಇನ್ನೆಷ್ಟು ಸಲ ಮೇಡಂ? ಸಂಜೆ ಆಗೋತನಕ?”

ನಾದಿನಿಯ ಕಡೆ ನೋಡುವ ಧೈರ್ಯವಾಗಲಿಲ್ಲ ಸೊಸೆಗೆ. ಲೆಕ್ಕ ಸರಿಯಿತ್ತು, ಕೋಡನ್ನು ಓದಿದ್ದೂ ಸರಿಯಿತ್ತು. ಏಳು. ಎಂಟು.

ಒಂಬತ್ತನೇ ಸಲ ಇಸ್ತ್ರಿ ಐದು ಒತ್ತಿ, ಶುರು ಒತ್ತಿ, ಕೈ ಹಿಂದಕ್ಕೆ ತೆಗೆದರು.

ಮೋಟರು ಮೊರೆಯಿತು.

ಹನಿಸುತ್ತಿದ್ದ ನೀರು ಎಳೆಯಾಗಿ ಸುರಿಯಿತು. ಗಂಟೆ ಹೊಡೆಯಲಿಲ್ಲ. ಪಂಪಿನ ಪರದೆಯ ಮೇಲೆ, ಏನೂ ಆಗಿಲ್ಲವೆಂಬಂತೆ, ಐದು ಎಂದು ಬೆಳಗುತ್ತಿತ್ತು.

“ಅದೇ ಸದ್ದು!” ನಾದಿನಿ ಎದ್ದು ನಿಂತಿದ್ದಳು. “ಅವತ್ತು ಬಂದ ಸದ್ದು ಅದೇ! ಪರದೆ ಮೇಲೆ ಐದು ಅಂತಾನೇ ಇತ್ತು, ನಾನು ಹೇಳ್ತಾನೇ ಇದ್ದೆ!”

ಟೀಚರ್ ಪಂಪಿನ ದಾಖಲೆಯನ್ನು ಮುದ್ರಿಸಿದರು. ಚೀಟಿ ಹೊರಬಂತು. ಅವರು ಅದನ್ನು ಹರಿದು, ಓದದೆಯೇ ಸೊಸೆಯ ಕೈಗಿತ್ತರು. ಸೊಸೆ ಅದನ್ನು ಇಸ್ತ್ರಿಯ ಮುಂದೆ ಹಿಡಿದಳು.

“ಗಟ್ಟಿಯಾಗಿ ಓದಿ ಸಾರ್. ಕೊನೇ ಸಾಲು.”

ಅವರು ಚೀಟಿಯನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು.

“ನಾನೇ ಓದ್ತೀನಿ. ಅಂಕಿ: ಐವತ್ತು. ಒತ್ತಿದವರು...” ಅವಳು ಅವರ ಪೂರ್ತಿ ಹೆಸರನ್ನು, ಹುದ್ದೆಯೊಂದಿಗೆ ಓದಿದಳು. “ದಣಿದ ಕೈನಾ ಸಾರ್? ಒಂದು ಸೊನ್ನೆ ಜಾಸ್ತಿ ಬಿತ್ತಾ?”

ಕೋಣೆಯಲ್ಲಿ ಮೊದಲು ನಕ್ಕವರು ಅಧ್ಯಕ್ಷರು. ಆಮೇಲೆ ಬೆರಳಚ್ಚಿನ ಗುಮಾಸ್ತೆ. ಹಿರಿಯಾಕೆ ಈ ಸಲ ಕೆಮ್ಮುವ ಗೋಜಿಗೇ ಹೋಗಲಿಲ್ಲ.

“ನಿಮ್ಮ ತಂತ್ರಾಂಶ ಇದನ್ನ ಹೇಳಿರ್ಲಿಲ್ವಾ?” ಟೀಚರ್ ಇಸ್ತ್ರಿಯನ್ನು ಕೇಳಿದರು.

“ಅದು ಎಲ್ಲದಕ್ಕೂ ಗೊಣಗುತ್ತೆ...”

“ಕೇಳಿದ್ದು ಅದಲ್ಲ.”

“ಹೇಳಿತ್ತು,” ಎಂದರು ಇಸ್ತ್ರಿ. ಧ್ವನಿ ಎಲ್ಲೋ ಆಳದಿಂದ ಬಂತು. “ನಾಲ್ಕು ಸಾವಿರದ ನೂರ ಹದಿನೇಳು. ನಾನೇ ಮುಚ್ಚಿದ್ದು. ಕಣ್ಣೆತ್ತಿದ್ರೆ ಪರೀಕ್ಷೆ ಕಾಣಿಸ್ತು. ಕಾರಣ ಮೂರು ಹಾಕ್ದೆ. ಎರಡನೇ ಸಲ ಓದ್ತಿದೆ ಅಂತ... ನಾನು ನೋಡ್ಲಿಲ್ಲ.”

ಸೊಸೆ ಅಂದುಕೊಂಡಷ್ಟು ಹಿಗ್ಗು ಆ ಮಾತಿನಿಂದ ಅವಳಿಗಾಗಲಿಲ್ಲ. ಅವರ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡು ಸುಕ್ಕಾಗಿತ್ತು. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಬೇರೊಬ್ಬರ ತಪ್ಪೆಂದು ಸಾಧಿಸಲು ಹೊರಟಿದ್ದು ದುಷ್ಟತನದಿಂದಲ್ಲ. ತನ್ನದೂ ಆಗಿರಬಹುದೆಂದು ಯೋಚಿಸುವ ಅಭ್ಯಾಸವೇ ಅವರಿಗಿರಲಿಲ್ಲ.

“ಗೋಡೆ ಮೇಲಿನ ಪಟ್ಟಿಯನ್ನ ಇವತ್ತೇ ಕಿತ್ತು ಹಾಕೋಣ ಸಾರ್,” ಎಂದಳು ಮೆಲ್ಲಗೆ. “ಆ ಮೂರನ್ನ ನಾನೂ ಬಹಳ ಸಲ ಒತ್ತಿದ್ದೀನಿ.”

ಅಧ್ಯಕ್ಷರು ತೀರ್ಪು ಬರೆಸಲು ಹತ್ತು ನಿಮಿಷವೂ ತೆಗೆದುಕೊಳ್ಳಲಿಲ್ಲ. ನರ್ಸಿನ ಮೇಲಿನ ಆರೋಪ ಸುಳ್ಳು. ಅಮಾನತು ರದ್ದು. ನಾಳೆ ಬೆಳಗಿನ ಪಾಳಿಯಿಂದಲೇ ಕೆಲಸಕ್ಕೆ. ಸರಿಪಡಿಸಿದ ಕೋಡು ಬರುವವರೆಗೆ ಆ ಮಾದರಿಯ ಎಲ್ಲಾ ಪಂಪುಗಳನ್ನೂ ಕೇಂದ್ರ ಕಂಪ್ಯೂಟರಿನಿಂದ ಬೇರ್ಪಡಿಸತಕ್ಕದ್ದು.

“ಸರಿಪಡಿಸಿದ್ದು ಯಾವಾಗ ಬರುತ್ತೆ?” ಎಂದು ಅವರು ಕೇಳಿದಾಗ ಸೊಸೆ ಚೀಲದಿಂದ ಒಂದು ಹಾಳೆ ತೆಗೆದಳು. ಮೂರು ಸಾಲು ಹೊಸದು, ಒಂದು ಸಾಲು ಅಳಿಸಿದ್ದು. ಒಮ್ಮೆ ಓದು, ಬರೆದುಕೋ, ಬರೆದುಕೊಂಡದ್ದನ್ನೇ ಪರೀಕ್ಷಿಸು, ಅದನ್ನೇ ಬಳಸು. “ಬಂದಾಯ್ತು ಸ್ವಾಮಿ. ಊಟದ ಹೊತ್ತಿಗೆ ಮುಗೀತು. ಅತ್ತೆನೂ ಒಪ್ಪಿದ್ದಾಳೆ.”

“ನಾನ್ಯಾವಾಗ ಒಪ್ಪಿದೆ?” ಎಂದರು ಗೋಡೆಯ ಬದಿಯಿಂದ ಹಿರಿಯಾಕೆ.

*

ಹೊರಗಿನ ಹಜಾರದಲ್ಲಿ ಹಬ್ಬದ ಗದ್ದಲ. ಸುದ್ದಿ ಮೆಟ್ಟಿಲಿಳಿದು ವಾರ್ಡು ಮುಟ್ಟಿ, ಅಲ್ಲಿಂದ ನರ್ಸುಗಳು ಗುಂಪಾಗಿ ಮೇಲೆ ಬಂದಿದ್ದರು. ಯಾರೋ ನಾದಿನಿಯ ತಲೆಗೆ ಬಿಳಿ ಟೋಪಿ ಹಾಕಿದರು. ಇನ್ಯಾರೋ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. ಮೂರನೇ ಹಾಸಿಗೆಯ ಗಡಿಯಾರದವರು ‘ನನ್ನ ಸಿಸ್ಟರ್ ಬರದೆ ಔಷಧಿ ತಗೊಳ್ಳಲ್ಲ’ ಎಂದು ಹಠ ಹಿಡಿದಿದ್ದಾರೆಂದು ಮೇಟ್ರನ್ ನಗುತ್ತ ಹೇಳಿದರು.

ಸೊಸೆ ಕಿಟಕಿಯ ಬಳಿ ನಿಂತು ನೋಡುತ್ತಿದ್ದಳು. ಇಪ್ಪತ್ತು ವರ್ಷ ಅವಳ ಕೆಲಸವನ್ನು ಯಾರೂ ಕಂಡದ್ದಿಲ್ಲ. ಆಗದೇ ಹೋದ ಅವಘಡಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ? ಇವತ್ತು ಒಂದು ಜೀವ ಅದರಿಂದ ತಲೆಯೆತ್ತಿ ನಗುತ್ತಿತ್ತು.

“ಒಂದು ನಿಮಿಷ.” ಟೀಚರ್ ಪಕ್ಕದಲ್ಲಿ ಬಂದು ನಿಂತಿದ್ದರು. ಕೈಯಲ್ಲಿ ನಾಲ್ಕೈದು ಹಾಳೆ. “ಬೆಳಗ್ಗೆ ಕಂಪ್ಯೂಟರ್ ವಿಭಾಗದವರನ್ನ ಆ ಒಂದು ಸೆಕೆಂಡಿನ ಬಗ್ಗೆ ಮಾತ್ರ ಕೇಳಿದ್ರಿ, ಅಲ್ವಾ?”

“ಹೌದು ಟೀಚರ್. ಅಷ್ಟೇ ಬೇಕಿತ್ತು.”

“ನಾನು ಹತ್ತು ನಲವತ್ತೊಂದರಿಂದ ಹತ್ತು ನಲವತ್ಮೂರರವರೆಗೆ ಪೂರ್ತಿ ತರಿಸ್ದೆ. ಅಭ್ಯಾಸ. ನೋಡಿ.”

ಸೊಸೆ ನೋಡಿದಳು. ಹಾಳೆಯ ತುಂಬಾ ಒಂದೇ ಸಾಲು. ಮೂರನೇ ಹಾಸಿಗೆ, ಐವತ್ತು. ಮೂರನೇ ಹಾಸಿಗೆ, ಐವತ್ತು. ಮೂರನೇ ಹಾಸಿಗೆ, ಐವತ್ತು. ಎರಡನೇ ಹಾಳೆಯೂ ಹಾಗೇ. ಮೂರನೆಯದೂ.

ಸೆಕೆಂಡಿಗೆ ಏಳು ಸಲ.

“ಕೇಂದ್ರ ಕಂಪ್ಯೂಟರು ಹೀಗೆ ಕಳಿಸಲ್ಲ,” ಎಂದಳು.

“ಕಳಿಸಿದ್ದು ಅದಲ್ಲ. ಅದರ ಹೆಸರು ಹೇಳ್ಕೊಂಡು ಬೇರೆ ಯಾವುದೋ ಯಂತ್ರ ಕಳಿಸಿದೆ. ನೀವು ಇವತ್ತು ಕೋಣೇಲಿ ಮಾಡಿದ್ದನ್ನ ಅವತ್ತು ವಾರ್ಡಲ್ಲಿ ಯಾರೋ ಮಾಡಿದ್ದಾರೆ. ಆಟಕ್ಕಲ್ಲ.”

ಅವಘಡವಲ್ಲ. ಸೊಸೆ ಕಿಟಕಿಯ ಸರಳು ಹಿಡಿದುಕೊಂಡಳು. ಕಣ್ಣು ತನ್ನಷ್ಟಕ್ಕೆ ಕೊನೆಯ ಹಾಳೆಯ ಕೊನೆಯ ಸಾಲಿಗೆ ಜಾರಿತು. ಹತ್ತು ನಲವತ್ತೆರಡು, ಹದಿನೇಳು. ಅಲ್ಲಿಗೆ ನಿಂತಿತ್ತು. ಮುಂದೆ ಖಾಲಿ.

“ತಗುಲಿದ ಸೆಕೆಂಡಿಗೇ ನಿಲ್ಸಿದ್ದಾರೆ,” ಎಂದಳು. “ತಗುಲ್ತು ಅಂತ ಗೊತ್ತಾಗಿದ್ದು ಹೇಗೆ? ಪಂಪು ಯಾರಿಗೂ ತಿರುಗಿ ಉತ್ತರ ಕಳಿಸಲ್ಲ. ಪರದೆ ಮೇಲೆ ಐದು ಅಂತಾನೇ ಇರುತ್ತೆ. ಗೊತ್ತಾಗೋಕೆ ಇರೋದು ಒಂದೇ ದಾರಿ ಟೀಚರ್. ಮೋಟರಿನ ಸದ್ದು.”

“ಅಂದ್ರೆ ಕಿವಿಗೆ ಕೇಳೋಷ್ಟು ಹತ್ತಿರದಲ್ಲಿದ್ರು.”

ಸೊಸೆ ಗುಂಪನ್ನು ಸೀಳಿಕೊಂಡು ಹೋದಳು. ನಾದಿನಿ ಅವಳನ್ನು ಕಂಡದ್ದೇ ಓಡಿಬಂದು ಕುತ್ತಿಗೆಗೆ ಜೋತುಬಿದ್ದಳು. “ಅತ್ತಿಗೆ, ನಿಮ್ಮ ಋಣ ಹೇಗೆ...”

“ಅದೆಲ್ಲ ಆಮೇಲೆ. ಒಂದು ಹೇಳು. ಅವತ್ತು ನಾಲ್ಕನೇ ಸಲ ಶುರು ಮಾಡ್ದಾಗ ವಾರ್ಡಲ್ಲಿ ಯಾರ್ಯಾರಿದ್ರು?”

“ಪೇಷಂಟುಗಳು, ನಾನು. ಇನ್ಯಾರೂ ಇಲ್ಲ. ಡಾಕ್ಟರ ರೌಂಡ್ಸ್ ಮುಗಿದಿತ್ತು.”

“ಹೊರಗಿನವರು?”

“ಹೊರಗಿನವರು ಯಾರೂ ಇಲ್ಲಪ್ಪ.” ನಾದಿನಿ ಟೋಪಿ ಸರಿಮಾಡಿಕೊಳ್ಳುತ್ತ ನಕ್ಕಳು. “ಅಣ್ಣ ಬಂದಿದ್ದ ಅಷ್ಟೇ. ಬಾಗಿಲ ಹತ್ರ ಬೆಂಚಲ್ಲಿ ಕೂತಿದ್ದ ಒಂದರ್ಧ ಗಂಟೆ.”

“ನಿನ್ನ ಅಣ್ಣನಾ?”

“ಇನ್ಯಾವ ಅಣ್ಣ ಇದ್ದಾನೆ ನನಗೆ? ಯಾಕೆ, ನಿಮಗೆ ಹೇಳ್ಲಿಲ್ವಾ?”

ಹನ್ನೊಂದು ದಿನ. ಒಂದೇ ಮನೆ, ಒಂದೇ ಮೇಜು. ತಂಗಿಯ ಕಣ್ಣೀರು ನೋಡುತ್ತ, ದಾಖಲೆಯ ನಾಲ್ಕು ಸಾಲನ್ನು ಹೆಂಡತಿ ಮತ್ತೆ ಮತ್ತೆ ಓದುವುದನ್ನು ಕೇಳುತ್ತ, ಸೊಸೆಯ ಗಂಡ ತಾನೂ ಅಲ್ಲಿದ್ದೆನೆಂದು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

“ಯಾಕೆ ಬಂದಿದ್ದ?”

“ಹೀಗೇ, ದಾರೀಲಿ ಹೋಗ್ತಾ. ತೊಡೆ ಮೇಲೆ ನಿಮ್ಮ ಲ್ಯಾಪ್‌ಟಾಪ್ ಇಟ್ಕೊಂಡಿದ್ದ. ಅತ್ತಿಗೆದು ಕೆಟ್ಟಿದೆ, ರಿಪೇರಿಗೆ ಕೊಡ್ಬೇಕು ಅಂದ.”

ಸೊಸೆಯ ಲ್ಯಾಪ್‌ಟಾಪ್ ಯಾವತ್ತೂ ಕೆಟ್ಟಿರಲಿಲ್ಲ.